ಮೂವತ್ತೆರಡು ಸೆಕೆಂಡಿನ ದೆವ್ವ

ಸಕಲೇಶಪುರದಿಂದ ಮೂಡಿಗೆರೆ ಕಡೆ ಹೋಗುವಾಗ, ರಸ್ತೆ ಬಿಟ್ಟು ತೋಟದೊಳಗೆ ಅರ್ಧ ಮೈಲಿ ನಡೆದರೆ ಸಿಗುವ ಯಾವುದಾದರೂ ಹಳೇ ಬಂಗಲೆಯ ಗೇಟಿನಲ್ಲಿ ನಿಂತು ಕೂಗಿ ನೋಡಿ. ಮೊದಲು ನಾಯಿ ಬರುತ್ತದೆ, ಅದರ ಹಿಂದೆ ರೈಟರ್ರೋ ವಾಚ್‌ಮನ್ನೋ ಬರುತ್ತಾರೆ. "ಯಜಮಾನ್ರು ಬೆಂಗ್ಳೂರಲ್ಲವ್ರೆ. ಅವ್ರು ಇಲ್ದಾಗ ಮನೆ ನೋಡ್ಕಳೋನು ನಾನೇ." ಅಮೆರಿಕದ ಟೆಕ್ಸಾಸ್ ರಾಜ್ಯದ ಎಲ್ ಪಾಸೊ ಎಂಬ ಮರುಭೂಮಿಯ ಊರಿನಲ್ಲಿ 1966ರಲ್ಲಿ ತೆಗೆದ ‘ಮಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ಎಂಬ ದೆವ್ವದ ಸಿನಿಮಾದಲ್ಲಿ ಎಲ್ಲರಿಗೂ ನೆನಪಿರುವ ಮಾತು ಹೆಚ್ಚುಕಮ್ಮಿ ಇದೇ. ಹೇಳುವವನ ಹೆಸರು ಟಾರ್ಗೊ. ಮಾನೋಸ್ ಅಂದರೆ ಸ್ಪ್ಯಾನಿಷ್‌ನಲ್ಲಿ ಕೈಗಳು. ಅಲ್ಲಿಗೆ ಸಿನಿಮಾದ ಹೆಸರು ‘ಕೈಗಳು: ವಿಧಿಯ ಕೈಗಳು’ ಅಂತಾಯಿತು. ನಾವು ‘ನಡುಮಧ್ಯೆ ಸೆಂಟರಿನಲ್ಲಿ’ ಅನ್ನುತ್ತೇವಲ್ಲ, ಹಾಗೆ.

ಕತೆ ಚಿಕ್ಕದು. ಗಂಡ, ಹೆಂಡತಿ, ಪುಟ್ಟ ಮಗಳು, ಒಂದು ನಾಯಿಮರಿ ಕಾರಿನಲ್ಲಿ ರಜೆಗೆ ಹೊರಟು ದಾರಿ ತಪ್ಪುತ್ತಾರೆ. ಕತ್ತಲಾಗುವ ಹೊತ್ತಿಗೆ ಒಂಟಿ ಮನೆ ಸಿಗುತ್ತದೆ. ಯಜಮಾನ ಇಲ್ಲ, ಟಾರ್ಗೊ ಇದ್ದಾನೆ. ಯಜಮಾನ ಸತ್ತೂ ಸಾಯದವನು. ಬಿಳಿ ಬಟ್ಟೆಯ ಅವನ ಹೆಂಡಿರೆಲ್ಲ ಮನೆಯ ಹಿಂದೆ ಕಂಬಗಳಿಗೊರಗಿ ನಿದ್ದೆಯಲ್ಲಿದ್ದಾರೆ. ರಾತ್ರಿ ಎಲ್ಲರೂ ಏಳುತ್ತಾರೆ, ಜಗಳವಾಡುತ್ತಾರೆ, ಮರಳಿನಲ್ಲಿ ಹೊರಳಾಡಿ ಕುಸ್ತಿ ಹಿಡಿಯುತ್ತಾರೆ. ಕೊನೆಗೆ ಹೊಸದಾಗಿ ದಾರಿ ತಪ್ಪಿದ ಇಬ್ಬರು ಹೆಂಗಸರು ಅದೇ ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿರುವವನು ಆ ಗಂಡ. ಟಾರ್ಗೊನ ಮಾತು ಈಗ ಅವನ ಬಾಯಲ್ಲಿ.

ಕತೆಯ ಕೊಕ್ಕೆ ಗಟ್ಟಿಯಾಗಿಯೇ ಇದೆ. ಆದರೂ ‘ಜಗತ್ತಿನ ಅತಿ ಕೆಟ್ಟ ಸಿನಿಮಾ’ ಪಟ್ಟಿಗಳಲ್ಲೆಲ್ಲ ಇದು ಖಾಯಂ. ನೋಡಿ ನಗುವವರು ಸಾವಿರಾರು, ತಪ್ಪುಗಳನ್ನು ಎಣಿಸುವವರೂ ಬೇಕಾದಷ್ಟು. ತಪ್ಪು ಯಾಕಾಯಿತು ಅಂತ ಕೇಳುವವರು ಮಾತ್ರ ಕಡಿಮೆ. ಕೇಳಿದರೆ ಗೊತ್ತಾಗುತ್ತದೆ: ಪ್ರತಿ ತಪ್ಪಿನ ಹಿಂದೆಯೂ ಒಂದು ಯಂತ್ರದ, ಬೆಳಕಿನ, ಇಲ್ಲವೇ ದುಡ್ಡಿನ ಕಾರಣವಿದೆ. ಈ ಸಿನಿಮಾದಲ್ಲಿ ಒಂದಿಷ್ಟು ನಿಜವಾದ ಭಯ ಇರುವುದೂ ಆ ತಪ್ಪುಗಳಿಂದಲೇ. ಹಾಸನ, ಚಿಕ್ಕಮಗಳೂರು ಕಡೆ ಮೊಬೈಲ್ ಹಿಡಿದು ಹಾರರ್ ಕಿರುಚಿತ್ರ ತೆಗೆಯುವವರು ಇದನ್ನು ಒಮ್ಮೆ ಪಾಠಪುಸ್ತಕದ ಹಾಗೆ ನೋಡಬೇಕು. ಅದೇ ಕತ್ತಲು, ಅದೇ ಹುಳ, ಅದೇ ಖಾಲಿ ಜೇಬು ನಮ್ಮಲ್ಲೂ ಇವೆ.

ತೆಗೆದವರು ಹೆರಾಲ್ಡ್ ಪಿ. ವಾರೆನ್. ಎಲ್ ಪಾಸೊದಲ್ಲಿ ವಿಮೆ ಮತ್ತು ಗೊಬ್ಬರ ಮಾರುತ್ತಿದ್ದ ಮನುಷ್ಯ, ಊರಿನ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಮುಂದೆ ಆಸ್ಕರ್ ಪಡೆದ ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಂಟ್ ಜೊತೆ ಕಾಫಿ ಅಂಗಡಿಯಲ್ಲಿ ಕೂತಿದ್ದಾಗ, ಹಾರರ್ ಸಿನಿಮಾ ಮಾಡುವುದೇನು ಮಹಾ ಕಷ್ಟ, ನಾನೇ ಮಾಡಿ ತೋರಿಸುತ್ತೇನೆ ಅಂತ ಪಂಥ ಕಟ್ಟಿ, ಅಲ್ಲೇ ಕೈ ಒರೆಸುವ ಕಾಗದದ ಮೇಲೆ ಕತೆ ಗೀಚಿದರಂತೆ. ಬರೆದದ್ದು, ನಿರ್ದೇಶಿಸಿದ್ದು, ದುಡ್ಡು ಹೊಂದಿಸಿದ್ದು, ನಾಯಕನಾಗಿ ನಟಿಸಿದ್ದು ಎಲ್ಲ ಅವರೇ. ಖರ್ಚು ಸುಮಾರು 19,000 ಡಾಲರ್. ಅದೇ ವರ್ಷ ಜೂನ್ 6ರಂದು ನಮ್ಮ ರೂಪಾಯಿ ಅಪಮೌಲ್ಯವಾಗಿ ಡಾಲರಿಗೆ 7.50 ಆಗಿತ್ತು. ಆ ಲೆಕ್ಕದಲ್ಲಿ 1,42,500 ರೂಪಾಯಿ. ನಟರಿಗೆ ಸಂಬಳವಿಲ್ಲ, ಲಾಭ ಬಂದರೆ ಪಾಲು ಅಂತ ಮಾತು. ಲಾಭ ಬರಲಿಲ್ಲ. ಕೈಗೆ ಏನಾದರೂ ಸಿಕ್ಕಿದ್ದು ಮಗಳ ಪಾತ್ರದ ಹುಡುಗಿಗೆ ಒಂದು ಕೆಂಪು ಸೈಕಲ್, ನಾಯಿಗೆ ಒಂದು ದೊಡ್ಡ ಚೀಲ ನಾಯಿ ಆಹಾರ. ಹುಡುಗಿಯ ತಂದೆ ಟಾಮ್ ನೇಮನ್ ಯಜಮಾನನ ಪಾತ್ರ ಮಾಡಿದ್ದಲ್ಲದೆ ಕೈಯಾಕಾರದ ಶಿಲ್ಪ, ಗೋಡೆಯ ಚಿತ್ರ ಎಲ್ಲವನ್ನೂ ತಯಾರಿಸಿದರು. ಯಜಮಾನನ ಕಪ್ಪು ನಿಲುವಂಗಿಯ ಮೇಲೆ ಎರಡು ದೊಡ್ಡ ಕೆಂಪು ಕೈಗಳು, ತೋಳು ಚಾಚಿದರೆ ಬೆರಳುಗಳೂ ಚಾಚಿಕೊಳ್ಳುತ್ತವೆ. ಇಡೀ ಚಿತ್ರದಲ್ಲಿ ಕೊರತೆಯಿಲ್ಲದ ವಸ್ತು ಅದೊಂದೇ ಅನ್ನಬಹುದು.

ಈಗ ಕ್ಯಾಮೆರಾಕ್ಕೆ ಬರೋಣ. ಇಡೀ ಚಿತ್ರದ ಜಾತಕ ಇರುವುದು ಅಲ್ಲೇ.

ಬಳಸಿದ್ದು ಬಾಡಿಗೆಗೆ ತಂದ ಬೆಲ್ ಅಂಡ್ ಹೋವೆಲ್ 16 ಎಂಎಂ ಕ್ಯಾಮೆರಾ. ಹಳೇ ಗೋಡೆ ಗಡಿಯಾರದ ಹಾಗೆ ಕೀ ಕೊಟ್ಟು ಓಡಿಸುವಂಥದ್ದು. ಒಮ್ಮೆ ಪೂರ್ತಿ ಕೀ ಕೊಟ್ಟರೆ 32 ಸೆಕೆಂಡು ಓಡಿ ನಿಲ್ಲುತ್ತದೆ. ಸೆಕೆಂಡಿಗೆ 24 ಚೌಕಟ್ಟಿನಂತೆ (ಫ್ರೇಮ್, ಅಂದರೆ ಒಂದೊಂದು ಬಿಡಿ ಚಿತ್ರ) 768 ಚೌಕಟ್ಟು. 16 ಎಂಎಂ ಫಿಲ್ಮಿನ ಅಡಿಗೆ 40 ಚೌಕಟ್ಟು, ಹಾಗಾಗಿ ಒಂದು ಕೀಗೆ 19 ಅಡಿ ಚಿಲ್ಲರೆ. ನೂರಡಿ ರೀಲಿನಲ್ಲಿ ಐದು ಕೀ, ಅಷ್ಟೇ. ಈ 32 ಸೆಕೆಂಡಿನಲ್ಲಿ ಕ್ಯಾಮೆರಾ ವೇಗ ಹಿಡಿದು, ಕ್ಲ್ಯಾಪ್ ತೋರಿಸಿ, ನಟ ಉಸಿರೆಳೆದು ಶುರುಮಾಡುವ ಹೊತ್ತಿಗೆ ಮೂರ್ನಾಲ್ಕು ಸೆಕೆಂಡು ಹೋಗಿರುತ್ತದೆ. ಕೊನೆಯಲ್ಲಿ ಸ್ಪ್ರಿಂಗ್ ನಿಲ್ಲುವ ಮೊದಲೇ ಮುಗಿಸಬೇಕಾದ್ದರಿಂದ ಇನ್ನೆರಡು ಮೂರು ಸೆಕೆಂಡು ಕಳೆಯಿರಿ. ಉಳಿದದ್ದು ಇಪ್ಪತ್ತೈದು.

ಇಪ್ಪತ್ತೈದು ಸೆಕೆಂಡಿನಲ್ಲಿ ಒಳ್ಳೆಯ ದೃಶ್ಯ ಕಟ್ಟಬಹುದು. ಆದರೆ ಅದಕ್ಕೆ ಕತ್ತರಿಸಿ ಜೋಡಿಸಲು ಬೇರೆ ಕೋನದ ಶಾಟ್‌ಗಳಿರಬೇಕು. ವಾರೆನ್‌ಗೆ ಬಾಡಿಗೆಯ ಗಡುವು. ಹೆಚ್ಚಿನ ದೃಶ್ಯಗಳು ಒಂದೆರಡು ಟೇಕಿನಲ್ಲೇ ಮುಗಿದವು. ಯಾರಾದರೂ ಆಕ್ಷೇಪ ಎತ್ತಿದರೆ ಲ್ಯಾಬಿನಲ್ಲಿ ಸರಿಮಾಡೋಣ ಅನ್ನುತ್ತಿದ್ದರಂತೆ. ಲ್ಯಾಬಿನಲ್ಲಿ ಇರುವುದನ್ನು ಸರಿ ಮಾಡಬಹುದು, ಇಲ್ಲದ ಶಾಟನ್ನು ಹುಟ್ಟಿಸಲಾಗುವುದಿಲ್ಲ. ಹೀಗಾಗಿ ಸಂಕಲನಕಾರನ ಕೈಯಲ್ಲಿ ಉಳಿದದ್ದು ತುಂಡು ತುಂಡು. ಎರಡು ತುಂಡಿನ ನಡುವೆ ನಟರು ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿರುವ ಭಾಗವನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಸಿನಿಮಾದ ಉದ್ದವೇ ಸಾಲದು. ಎಲ್ಲ ಸೇರಿ ಬರುವುದೇ 70 ನಿಮಿಷದ ಆಸುಪಾಸು. ಒಂದು ಕಡೆ ಕ್ಲ್ಯಾಪ್ ಬೋರ್ಡಿನ ಅಂಚೂ ಉಳಿದುಬಿಟ್ಟಿದೆ.

ಟಾರ್ಗೊ ಬಾಗಿಲಲ್ಲಿ ನಿಂತು "ಯಜಮಾನ ಒಪ್ಪುವುದಿಲ್ಲ" ಎಂಬ ಅರ್ಥದ ಮಾತನ್ನು ತಿರುತಿರುಗಿ ಹೇಳುವ ಜಾಗ ನೋಡಿ. ಮಾತು, ಮೌನ, ಅದೇ ಮಾತು, ಇನ್ನೂ ಉದ್ದದ ಮೌನ. ಮೊದಲ ಸಲ ನಗು ಬರುತ್ತದೆ. ಒಬ್ಬರೇ ಕೂತು ರಾತ್ರಿ ನೋಡಿದರೆ ಮೂರನೇ ಮೌನಕ್ಕೆ ಏನೋ ಮುಜುಗರ ಶುರುವಾಗುತ್ತದೆ. ಜ್ವರದಲ್ಲಿ ಬೀಳುವ ಕನಸಿನಲ್ಲಿ ಜನ ಹೀಗೇ ಮಾತಾಡುತ್ತಾರೆ. ಬೇಕೆಂದೇ ಹೀಗೆ ಮಾಡಲು ಹೋದ ದೊಡ್ಡ ನಿರ್ದೇಶಕರಿದ್ದಾರೆ. ಇಲ್ಲಿ ಸ್ಪ್ರಿಂಗ್ ಮಾಡಿದೆ.

ಇದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಬಹುದು. ಮೊಬೈಲಿನಲ್ಲಿ ಒಂದು ಪುಟದ ದೃಶ್ಯವನ್ನು 25 ಸೆಕೆಂಡಿನ ತುಂಡುಗಳಾಗಿ ಬರೆದುಕೊಳ್ಳಿ. ಸಹಜ ವೇಗದ ಕನ್ನಡದಲ್ಲಿ ಅದು ನಲವತ್ತೈದರಿಂದ ಐವತ್ತು ಪದ. ತುಂಡೊಂದಕ್ಕೆ ಎರಡೇ ಟೇಕು, 32 ಸೆಕೆಂಡಿಗೆ ಅಲಾರಂ, ನಡುವೆ ಒಂದು ನಿಮಿಷ ಬಿಡುವು. ಎಡವುವುದು ಎಲ್ಲಿ ಅಂತ ಬೇಗ ಗೊತ್ತಾಗುತ್ತದೆ: ಹಿಂದಿನ ತುಂಡಿನಲ್ಲಿ ಲೋಟ ಬಲಗೈಯಲ್ಲಿತ್ತು, ಈಗ ಎಡಗೈಯಲ್ಲಿದೆ. ಲಾಟೀನಿನ ಬತ್ತಿ ಆಗ ಎತ್ತರವಿತ್ತು, ಈಗ ಇಳಿದಿದೆ. ಪ್ರತಿ ಟೇಕಿನ ಕೊನೆಯ ಭಂಗಿಯನ್ನು ಇನ್ನೊಂದು ಫೋನಿನಲ್ಲಿ ಫೋಟೋ ತೆಗೆದುಕೊಂಡು, ಪಾದದ ಗುರುತನ್ನು ಸೀಮೆಸುಣ್ಣದಲ್ಲಿ ಹಾಕಿದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಮಾತಿಲ್ಲದ ಶಾಟುಗಳನ್ನು (ಬಾಗಿಲ ಚಿಲಕ, ಕೇಳಿಸಿಕೊಳ್ಳುತ್ತಿರುವ ಮುಖ, ನಾಯಿ) ಹತ್ತು ಸೆಕೆಂಡಿನಂತೆ ಆರೇಳು ತೆಗೆದಿಟ್ಟುಕೊಳ್ಳಿ. ವಾರೆನ್ ಕೈಯಲ್ಲಿ ಇಲ್ಲದೆ ಹೋದದ್ದು ಇವೇ. ಶುರುವಿನಲ್ಲಿ ಕಾರು ಸುಮ್ಮನೆ ಓಡುತ್ತಲೇ ಇರುವುದಕ್ಕೆ ಹೇಳುವ ಕಾರಣ ಇನ್ನೂ ಸರಳ: ಅದರ ಮೇಲೆ ಹೆಸರುಗಳು ಬರಬೇಕಿತ್ತು, ಹಾಕಲಿಲ್ಲ. ಚಾರ್ಮಾಡಿ ತಿರುವುಗಳನ್ನು ಕಾರಿನ ಗಾಜಿನಿಂದ ತೆಗೆದು ಮೂರು ನಿಮಿಷ ತೋರಿಸುವವರಿಗೆ ಆ ನೆಪವೂ ಇಲ್ಲ. ನಲವತ್ತು ಸೆಕೆಂಡು ಸಾಕು.

ಕೀ ಕ್ಯಾಮೆರಾ ಗರಗರ ಸದ್ದು ಮಾಡುತ್ತದೆ, ವೇಗವೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ. ಹಾಗಾಗಿ ಸ್ಥಳದಲ್ಲಿ ಸದ್ದೇ ಹಿಡಿಯಲಿಲ್ಲ, ಎಲ್ಲ ಮಾತನ್ನೂ ಆಮೇಲೆ ಡಬ್ ಮಾಡಿದ್ದು. ಬೆರಳೆಣಿಕೆಯ ಜನ ಎಲ್ಲ ಪಾತ್ರಗಳಿಗೂ ದನಿ ಕೊಟ್ಟರು. ಪುಟ್ಟ ಹುಡುಗಿಗೂ ದೊಡ್ಡವರದೇ ದನಿ. ಮೊದಲ ಪ್ರದರ್ಶನದಲ್ಲಿ ತನ್ನ ಬಾಯಿಂದ ಬೇರೆಯವರ ದನಿ ಬಂದದ್ದು ಕೇಳಿ ಆ ಮಗು ಅತ್ತುಬಿಟ್ಟಿತಂತೆ. ಯೋಚಿಸಿದರೆ, ಮೈಮೇಲೆ ಬಂದವರ ಬಾಯಿಂದ ಬೇರೆ ದನಿ ಬರುವುದಕ್ಕಿಂತ ಹಳೆಯ ದೆವ್ವದ ಲಕ್ಷಣ ನಮ್ಮ ಕಡೆ ಯಾವುದಿದೆ?

ಮಲೆನಾಡಿನಲ್ಲಿ ಸಮಸ್ಯೆ ತಿರುಗುಮುರುಗು. ಸದ್ದು ಸಿಗುವುದಿಲ್ಲ ಅಂತಲ್ಲ, ಬೇಡದ್ದು ಬಂದು ಕೂರುತ್ತದೆ. ಜೀರುಂಡೆಯ ಕೂಗು ಇರುವ ಎತ್ತರದಲ್ಲೇ ಸ, ಶ, ಚ ಅಕ್ಷರಗಳ ಸೀಟಿಯೂ ಇರುವುದರಿಂದ ಮಾತು ಮಬ್ಬಾಗುತ್ತದೆ. ಅದಕ್ಕಿಂತ ಕಿರಿಕಿರಿಯದು: ಒಂದು ಟೇಕಿನಲ್ಲಿ ಜೀರುಂಡೆ ಜೋರು, ಮುಂದಿನದರಲ್ಲಿ ಮೌನ, ಜೋಡಿಸಿದರೆ ಸದ್ದು ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, ಅದೇ ಜಾಗದ ಸದ್ದನ್ನು ಎರಡು ನಿಮಿಷ ಎಡೆಬಿಡದೆ ಹಿಡಿಯಿರಿ. ಇಡೀ ದೃಶ್ಯದ ಕೆಳಗೆ ಅದನ್ನು ಹಾಸಿದರೆ ಮೆಟ್ಟಿಲು ಮುಚ್ಚಿಹೋಗುತ್ತದೆ. ಡಬ್ಬಿಂಗ್‌ಗೆ ಸ್ಟುಡಿಯೋ ಬೇಕಿಲ್ಲ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರತ್ತ ಮುಖಮಾಡಿ ಕೂತು, ಬೆನ್ನ ಹಿಂದೆ ಎರಡು ದಪ್ಪ ಕಂಬಳಿ ನೇತುಹಾಕಿ. ಬಾಯಿಗೂ ಮೈಕಿಗೂ ಒಂದು ಗೇಣು ದೂರ, ಮೈಕು ಬಾಯಿಯ ನೇರಕ್ಕೆ ಬೇಡ, ಸ್ವಲ್ಪ ಪಕ್ಕಕ್ಕೆ. ನೇರಕ್ಕಿಟ್ಟರೆ ಪ, ಬ, ಭ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ. ಸ್ಥಳದಲ್ಲಿ ಕೆಟ್ಟ ಸದ್ದಾದರೂ ಸರಿ, ಫೋನಿನ ಮೂಲ ಧ್ವನಿಯನ್ನು ಅಳಿಸಬೇಡಿ. ತುಟಿ ಹೊಂದಿಸಲು ಅದೇ ದಾರಿ. ಹೆಜ್ಜೆ ಸದ್ದಿಗೆ ಒಣಗಿದ ಸಿಲ್ವರ್ ಓಕ್ ಎಲೆ ಒಂದು ಮೊರದಷ್ಟಿದ್ದರೆ ಸಾಕು, ಆದರೆ ಎಲೆ ಹಿಂದಿನ ದಿನದ ಬಿಸಿಲು ಕಂಡಿರಬೇಕು. ಥಂಡಿ ಹಿಡಿದ ಎಲೆ ಸದ್ದು ಮಾಡುವುದಿಲ್ಲ.

ಬೆಳಕಿನದು ದೊಡ್ಡ ಅಧ್ಯಾಯ. ಮಾನೋಸ್‌ನಲ್ಲಿ ಇಬ್ಬರು ಪೊಲೀಸರು ಗುಂಡಿನ ಸದ್ದು ಕೇಳಿ ಕಾರಿನಿಂದ ಇಳಿಯುತ್ತಾರೆ, ನಾಲ್ಕು ಹೆಜ್ಜೆ ಇಡುತ್ತಾರೆ, ಕತ್ತಲನ್ನು ನೋಡುತ್ತಾರೆ, ವಾಪಸ್ ಹೋಗುತ್ತಾರೆ. ಇಷ್ಟು ಸೋಮಾರಿ ತನಿಖೆ ಸಿನಿಮಾ ಇತಿಹಾಸದಲ್ಲೇ ಇರಲಿಕ್ಕಿಲ್ಲ. ಕಾರಣ ಪೊಲೀಸರಲ್ಲ, ದೀಪ. ಐದನೇ ಹೆಜ್ಜೆಗೆ ಬೆಳಕು ಇರಲಿಲ್ಲ. ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ನಾಲ್ಕು ಪಟ್ಟಾದರೆ ಹದಿನಾರನೇ ಒಂದು. ಎರಡು ಮೀಟರಿನಲ್ಲಿ ಮುಖ ಚೆನ್ನಾಗಿ ಕಂಡರೆ ಎಂಟು ಮೀಟರಿನಲ್ಲಿ ಮನುಷ್ಯನೇ ಇಲ್ಲ. ತೋಟದಲ್ಲಂತೂ ಮರದ ಕಾಂಡ, ಕಾಫಿ ಗಿಡದ ಕಡುಹಸಿರು ಎಲೆ ಇದ್ದಬದ್ದ ಬೆಳಕನ್ನೂ ನುಂಗುತ್ತವೆ. ಸಾವಿರ ವಾಟ್ ತಂದು ಸುರಿದರೂ ಕಾಡು ಬೆಳಗುವುದಿಲ್ಲ, ಮುಂದಿನ ಎರಡು ಗಿಡ ಬಿಳಿಚಿಕೊಳ್ಳುತ್ತವೆ ಅಷ್ಟೇ.

ಉಪಾಯ ನಮ್ಮ ಅಜ್ಜಿಯರ ಕತೆಯಲ್ಲೇ ಇದೆ: ಕೊಳ್ಳಿದೆವ್ವ. ಗದ್ದೆಬಯಲಿನಾಚೆ ಒಂದು ಬೆಂಕಿ ನಡೆದುಹೋಗುತ್ತದೆ, ಹಿಡಿದವರು ಕಾಣುವುದಿಲ್ಲ, ಸುತ್ತ ಏನೂ ಇಲ್ಲ. ಬೆಳಕಿನ ವಿನ್ಯಾಸ ಅಂದರೆ ಇದು. ಮೂವತ್ತು ನಲವತ್ತು ಮೀಟರ್ ದೂರದಲ್ಲಿ ಒಬ್ಬರ ಕೈಗೆ ಲಾಟೀನೋ ಹಳದಿ ಎಲ್‌ಇಡಿಯೋ ಕೊಟ್ಟು ನಡೆಸಿ. ಹತ್ತಿರದ ನಟನ ಮುಖಕ್ಕೆ ಪಕ್ಕದಿಂದ ಒಂದು ಸಣ್ಣ ದೀಪ. ನಡುವಿನ ಕತ್ತಲನ್ನು ಮುಟ್ಟಬೇಡಿ.

ಫೋನಿನ ಹೊಂದಿಕೆ: ಸೆಕೆಂಡಿಗೆ 25 ಚೌಕಟ್ಟು, ಶಟರ್ (ಒಂದೊಂದು ಚೌಕಟ್ಟಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನು ತಾನಾಗಿ 30 ಚೌಕಟ್ಟು, 1/60ಕ್ಕೆ ಹೋದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. ಎಕ್ಸ್‌ಪೋಷರ್, ಫೋಕಸ್, ಬಿಳಿಬಣ್ಣದ ಹೊಂದಿಕೆ ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ದೂರದ ಲಾಟೀನು ಬಂದ ಕೂಡಲೇ ಫೋನು ಗಾಬರಿಬಿದ್ದು ಇಡೀ ಚಿತ್ರವನ್ನು ಒಮ್ಮೆ ಕಪ್ಪಾಗಿಸಿ ಮತ್ತೆ ಬೆಳಗಿಸುತ್ತದೆ. ಐಎಸ್‌ಒ (ಬೆಳಕಿಗೆ ಫೋನಿನ ಸೂಕ್ಷ್ಮತೆ) 800 ದಾಟಿದರೆ ಹೆಚ್ಚಿನ ಫೋನುಗಳಲ್ಲಿ ಕಪ್ಪು ಜಾಗ ನೊರೆನೊರೆಯಾಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಮಿನುಗು ವಿಪರೀತ, ಹಾಗಾಗಿ ಅಂಗಡಿಯಲ್ಲೇ ಉರಿಸಿ ಫೋನಿನಲ್ಲಿ ನೋಡಿ ಕೊಂಡುಕೊಳ್ಳಿ. ಬ್ಯಾಟರಿಯ ಎಮರ್ಜೆನ್ಸಿ ಲೈಟು ಪೂರ್ತಿ ಬೆಳಕಿನಲ್ಲಿ ಸರಿ ಇರುತ್ತದೆ, ಮಂದ ಮಾಡಿದರೆ ಅದೂ ಮಿನುಗಬಹುದು.

ಹುಳ. ಮಾನೋಸ್‌ನ ರಾತ್ರಿ ದೃಶ್ಯಗಳಲ್ಲಿ ಪತಂಗಗಳು ನಟರ ಮುಖದ ಮುಂದೆ ಎಗ್ಗಿಲ್ಲದೆ ಹಾರಾಡುತ್ತವೆ, ಮರುಭೂಮಿಗೆ ಅದೊಂದೇ ದೀಪ. ಮಲೆನಾಡಿನಲ್ಲಿ ಮೊದಲ ಮಳೆ ಬಿದ್ದ ಸಂಜೆ ಈಸಲು ಎದ್ದರೆ ಇದರ ನೂರು ಪಟ್ಟು. ಹುಳ ಬೆಳಕನ್ನು ಪ್ರೀತಿಸಿ ಬರುತ್ತದೆ ಅನ್ನುವುದು ಕವಿಗಳ ಮಾತು. ಹಾರುವಾಗ ಅದು ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಕೋಟ್ಯಂತರ ವರ್ಷ ಬೆಳಕು ಅಂದರೆ ಆಕಾಶ, ಅಂದರೆ ಮೇಲೆ. ಹತ್ತಿರದ ಬಲ್ಬು ಆಕಾಶವಾದಾಗ ಲೆಕ್ಕ ತಪ್ಪಿ ಅದರ ಸುತ್ತಲೇ ಸುತ್ತುತ್ತದೆ. ಇದು ಗೊತ್ತಿದ್ದರೆ ಪರಿಹಾರವೂ ಹೊಳೆಯುತ್ತದೆ. ದೀಪ ಕ್ಯಾಮೆರಾದ ಪಕ್ಕ ಬೇಡ, ನಟನಿಗೆ ತಾಗಿಯೂ ಬೇಡ, ಎತ್ತರದಲ್ಲಿ ಚೌಕಟ್ಟಿನಾಚೆ ಇರಲಿ. ನೀಲಿ ಮಿಶ್ರಿತ ಬಿಳಿ ಬೆಳಕಿಗೆ ಹುಳ ಹೆಚ್ಚು ಸಿಕ್ಕಿಬೀಳುವುದರಿಂದ ಶೂಟಿಂಗ್‌ಗೆ 2700 ಕೆಲ್ವಿನ್‌ನ ಹಳದಿ ದೀಪ. ಇಪ್ಪತ್ತು ಮೂವತ್ತು ಮೀಟರ್ ಆಚೆ ಒಂದು ಬಿಳಿ ಟ್ಯೂಬ್‌ಲೈಟನ್ನು ಅರ್ಧ ಗಂಟೆ ಮೊದಲೇ ಉರಿಸಿ, ಅದು ಹುಳಗಳ ಪಾಲಿಗೆ ಬಿಟ್ಟದ್ದು. ಸೆಟ್ಟಿನ ದೀಪವನ್ನು ತಾಲೀಮಿನಲ್ಲಿ ಆರಿಸಿಟ್ಟು, ಟೇಕಿಗೆ ಮಾತ್ರ ಹೊತ್ತಿಸಿ. 32 ಸೆಕೆಂಡಿನ ಶಿಸ್ತು ಇಲ್ಲಿ ಕೈಹಿಡಿಯುತ್ತದೆ: ಹುಳ ಜಮಾಯಿಸುವ ಹೊತ್ತಿಗೆ ಟೇಕು ಮುಗಿದಿರುತ್ತದೆ. ಈಸಲು ಎದ್ದ ದಿನ ಮಾತ್ರ ಇದಾವುದೂ ನಡೆಯದು. ಸುಮ್ಮನೆ ದೀಪ ಆರಿಸಿ ಒಂದೂವರೆ ಗಂಟೆ ಕಾಯಿರಿ, ರೆಕ್ಕೆ ಉದುರಿಸಿಕೊಂಡು ಅವೇ ನೆಲಕ್ಕಿಳಿಯುತ್ತವೆ.

ಮಂಜು ಸಿಕ್ಕರೆ ಪುಣ್ಯ, ಆದರೆ ಎದುರಿನಿಂದ ಬೆಳಕು ಬಿಡಬೇಡಿ. ಘಾಟಿಯಲ್ಲಿ ಹೈ ಬೀಮ್ ಹಾಕಿದರೆ ಏನಾಗುತ್ತದೋ ಅದೇ, ಕಣ್ಣೆದುರು ಬಿಳಿ ಗೋಡೆ. ದೀಪವನ್ನು ನಟನ ಹಿಂದೆ ಎಂಟು ಹತ್ತು ಮೀಟರಿನಲ್ಲಿ, ಸಿಲ್ವರ್ ಓಕ್ ಕಾಂಡದ ಮರೆಗೆ ಇಟ್ಟರೆ ಮಂಜೇ ಹೊಳೆಯುತ್ತದೆ, ಮನುಷ್ಯ ಕಪ್ಪು ಆಕೃತಿಯಾಗುತ್ತಾನೆ. ಎಸಿ ಕಾರಿನಿಂದ ಇಳಿಸಿದ ಲೆನ್ಸು ಹದಿನೈದು ಇಪ್ಪತ್ತು ನಿಮಿಷ ಬೆವರುತ್ತಲೇ ಇರುತ್ತದೆ, ಒರೆಸಿದಷ್ಟೂ ಕಲೆ. ಕಾರಿನಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಹೊರಗೆ ತಂದು ಬಿಸಿ ಸಮವಾದ ಮೇಲೆ ಬಿಚ್ಚಿ.

ಟಾರ್ಗೊನ ಮೊಣಕಾಲಿನ ಬಗ್ಗೆ ಹೇಳದಿದ್ದರೆ ಮಾನೋಸ್ ಭಕ್ತರು ಬಿಡುವುದಿಲ್ಲ. ಆ ಪಾತ್ರ ಅರ್ಧ ಮನುಷ್ಯ ಅರ್ಧ ಮೇಕೆ ಆಗಬೇಕಿತ್ತು. ತಂತಿ, ಫೋಮ್ ಸೇರಿಸಿ ಕಟ್ಟಿದ ಚೌಕಟ್ಟನ್ನು ನಟ ಜಾನ್ ರೆನಾಲ್ಡ್ಸ್ ಪ್ಯಾಂಟಿನೊಳಗೆ ತೊಟ್ಟರು. ಆದರೆ ಚಿತ್ರದಲ್ಲಿ ಯಾರೂ ಆ ಮಾತೆತ್ತುವುದಿಲ್ಲ, ಗೊರಸೂ ಕಾಣುವುದಿಲ್ಲ. ನೋಡುವವರಿಗೆ ಸಿಗುವುದು ಊದಿಕೊಂಡ ಮೊಣಕಾಲು, ಬೀಳುವಂತೆ ತೂಗಾಡುವ ನಡಿಗೆ, ಅದು ಬಂದಾಗಲೆಲ್ಲ ಬರುವ ಅದೇ ಸಂಗೀತ. ವಿವರಣೆ ತಪ್ಪಿಹೋದದ್ದೇ ಒಳ್ಳೆಯದಾಯಿತು. ದೆವ್ವಕ್ಕೆ ಪಾದ ಹಿಂದುಮುಂದು ಅನ್ನುವ ನಮ್ಮ ಕತೆಗಳೂ ಅದು ಯಾಕೆ ಹಾಗೆ ಅಂತ ಹೇಳುವುದಿಲ್ಲ. ರೆನಾಲ್ಡ್ಸ್ ಬಿಡುಗಡೆಗೆ ಒಂದು ತಿಂಗಳಿದ್ದಾಗ, 25ನೇ ವಯಸ್ಸಿನಲ್ಲಿ ತೀರಿಕೊಂಡರು. ಇವತ್ತು ಜನ ಈ ಚಿತ್ರ ನೋಡುವುದು ಬಹುಪಾಲು ಅವರಿಗಾಗಿ.

ಅಂಥ ನಡಿಗೆ ಬೇಕಾದರೆ ಒಂದು ಕಾಲಿನ ಚಪ್ಪಲಿಗೆ ಮಾತ್ರ ಒಂದಿಂಚು ದಪ್ಪದ ಅಟ್ಟೆ ಅಂಟಿಸಿ, ಅದೇ ಕಾಲಿನ ಮೊಣಕಾಲಿಗೆ ಹಳೇ ಹಾಸಿಗೆಯ ಎರಡಿಂಚಿನ ಫೋಮ್ ಸುತ್ತಿ ಕ್ರೇಪ್ ಬ್ಯಾಂಡೇಜ್ ಕಟ್ಟಿ. ಎರಡೂ ಕಾಲಿಗೆ ಕಟ್ಟಿದರೆ ದಪ್ಪ ಮನುಷ್ಯನ ನಡಿಗೆಯಾಗುತ್ತದೆ, ವಿಕಾರ ಬರುವುದು ಒಂದೇ ಕಾಲಿನಿಂದ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಚ್ಚಲೇಬೇಕು, ಕಾಲು ಜೋಮು ಹಿಡಿಯುತ್ತದೆ. ಮಾನೋಸ್ ಚಿತ್ರೀಕರಣದ ಶುರುವಿನಲ್ಲೇ ಹೆಂಡತಿಯರಲ್ಲೊಬ್ಬರಾಗಬೇಕಿದ್ದ ನಟಿ ಕಾಲು ಮುರಿದುಕೊಂಡರು. ಅವರನ್ನು ಕೈಬಿಡದೆ, ನಿಂತ ಕಾರಿನಲ್ಲಿ ಕೂತು ಮುದ್ದಾಡುವ ಜೋಡಿಯ ಪಾತ್ರ ಕೊಟ್ಟರು. ಕತೆಗೆ ಸಂಬಂಧವೇ ಇಲ್ಲದ ಆ ಜೋಡಿ ಯಾಕೆ ಬಂದುಹೋಗುತ್ತದೆ ಅಂತ ತಲೆಕೆಡಿಸಿಕೊಂಡವರಿಗೆ ಉತ್ತರ ಇದು.

ರಕ್ತ ಮಾನೋಸ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಆದರೂ ನಮ್ಮವರು ಕೇಳುವ ಮೊದಲ ಪ್ರಶ್ನೆ ಅದೇ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಅರ್ಧ ಕೆಜಿ, ಬಿಸಿನೀರು ಅರ್ಧ ಲೋಟ, ಒಂದು ಚಮಚ ಕಾರ್ನ್‌ಫ್ಲೋರ್, ಕೆಂಪು ಫುಡ್ ಕಲರ್ ಎರಡು ಚಮಚ, ಗಟ್ಟಿ ಕಾಫಿ ಡಿಕಾಕ್ಷನ್ ಒಂದು ದೊಡ್ಡ ಚಮಚ. ಡಿಕಾಕ್ಷನ್ ಬಿಟ್ಟರೆ ಎಲ್‌ಇಡಿ ಬೆಳಕಿನಲ್ಲಿ ರೋಸ್‌ಮಿಲ್ಕ್ ಆಗುತ್ತದೆ. ಕಾರ್ನ್‌ಫ್ಲೋರ್ ಬಿಟ್ಟರೆ ಗಾಜಿನಂತೆ ಪಾರದರ್ಶಕ. ತೋಟದ ನೆಲದಲ್ಲಿ ಚೆಲ್ಲಿದರೆ ಹತ್ತು ನಿಮಿಷದಲ್ಲಿ ಇರುವೆ, ಹಾಗಾಗಿ ಹೆಣವಾಗಿ ಮಲಗುವವರ ಟೇಕನ್ನು ಮೊದಲು ಮುಗಿಸಿ. ಕಪ್ಪುಬಿಳುಪಿನಲ್ಲಿ ತೆಗೆಯುವುದಾದರೆ ಇಷ್ಟೂ ಬೇಡ: 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲಿ ಹರಿದದ್ದು ಚಾಕೊಲೇಟ್ ಸಿರಪ್.

ಜಾಗದ ವಿಷಯ. ಹಾಸನದವರು ಹಾರರ್ ಅಂದರೆ ಶೆಟ್ಟಿಹಳ್ಳಿಯ ಚರ್ಚಿಗೆ ಓಡುತ್ತಾರೆ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಆ ಗೋಡೆಗಳು ಸುಂದರ, ಸಂಶಯವಿಲ್ಲ. ಆದರೆ ಮದುವೆ ಆಲ್ಬಮ್ಮುಗಳಲ್ಲಿ ಎಷ್ಟು ಸಲ ಬಂದಿವೆಯೆಂದರೆ ನೋಡಿದ ತಕ್ಷಣ ಜಾಗದ ಹೆಸರು ಹೊಳೆಯುತ್ತದೆ. ಹೆಸರು ಹೊಳೆದ ಕಡೆ ದೆವ್ವ ನಿಲ್ಲುವುದಿಲ್ಲ. ಮಾನೋಸ್ ತೆಗೆದದ್ದು ಪರಿಚಯದ ವಕೀಲರೊಬ್ಬರ ಜಮೀನಿನ ಮನೆಯಲ್ಲಿ, ಯಾರೂ ತಿರುಗಿ ನೋಡದಂಥ ಮನೆ. ನಮ್ಮಲ್ಲಿ ಖಾಲಿ ಬಿದ್ದ ಲೈನ್ ಮನೆ, ಕಾಫಿ ಕಣದ ಅಂಚಿನ ಗೋದಾಮು, ಬೀಗ ಹಾಕಿದ ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರದ ಮನೆ) ಇವೆ. ಕಾಫಿ ಕಣವಂತೂ ಯಜಮಾನನ ಹೆಂಡಿರ ದೃಶ್ಯಕ್ಕೆ ಹೇಳಿ ಮಾಡಿಸಿದ ಹಾಗಿದೆ: ಸಪಾಟು ನೆಲ, ಸುತ್ತ ಕಪ್ಪು ಮರ. ಕಾಫಿ ಒಣಗಲು ಹಾಕಿದ ತಿಂಗಳುಗಳಲ್ಲಿ ಕೇಳಲೂ ಹೋಗಬೇಡಿ.

1966ರ ನವೆಂಬರ್ 15ರಂದು ಎಲ್ ಪಾಸೊದ ಕ್ಯಾಪ್ರಿ ಟಾಕೀಸಿನಲ್ಲಿ ಮೊದಲ ಪ್ರದರ್ಶನ. ಆಕಾಶಕ್ಕೆ ಸರ್ಚ್‌ಲೈಟ್, ನಟರನ್ನು ತರಲು ಒಂದು ಲಿಮೋಸಿನ್. ಇದ್ದದ್ದು ಒಂದೇ ಆದ್ದರಿಂದ ಅದು ಒಂದು ಗುಂಪನ್ನು ಇಳಿಸಿ, ಬೀದಿ ಸುತ್ತಿ ಹೋಗಿ ಇನ್ನೊಂದು ಗುಂಪನ್ನು ತರುತ್ತಿತ್ತು. ಸ್ವಲ್ಪ ಹೊತ್ತಿಗೇ ಜನ ನಗಲು ಶುರುಮಾಡಿದರು. ಆಮೇಲೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಇದನ್ನು ನೆನೆದವರಿಲ್ಲ. ಕೆಟ್ಟ ಸಿನಿಮಾ ಹಾಕಿ ಒಬ್ಬ ಮನುಷ್ಯ, ಎರಡು ರೋಬೋಗಳು ಕೆಳಗೆ ಕೂತು ತಮಾಷೆ ಮಾಡುವ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಎಂಬ ಟಿವಿ ಕಾರ್ಯಕ್ರಮದಲ್ಲಿ 1993ರ ಜನವರಿ 30ರಂದು ಬಂದ ಮೇಲೆ ಅದೃಷ್ಟ ತಿರುಗಿತು. 2011ರಲ್ಲಿ ಬೆನ್ ಸೊಲೊವೆ ಎಂಬವರ ಕೈಗೆ ಮೂಲ 16 ಎಂಎಂನ ಕೆಲಸದ ಪ್ರತಿ (ವರ್ಕ್‌ಪ್ರಿಂಟ್, ಸಂಕಲನಕ್ಕೆ ಬಳಸುವ ಪ್ರತಿ) ಸಿಕ್ಕಿತು. ಅಭಿಮಾನಿಗಳ ಚಂದಾದಿಂದ ಅದನ್ನು ಶುಚಿಗೊಳಿಸಿ 2015ರಲ್ಲಿ ಬ್ಲೂ-ರೇ ಬಂತು.

ಶುಚಿಯಾದ ಪ್ರತಿ ನೋಡಿದರೆ ಒಂದು ಅನ್ಯಾಯ ಬಯಲಾಗುತ್ತದೆ. ಟೇಪಿನ ಕಾಲದಲ್ಲಿ ಈ ಚಿತ್ರದ ಬಣ್ಣವೆಂದರೆ ಕೆಸರು, ಬೈಗುಳವೆಲ್ಲ ಛಾಯಾಗ್ರಾಹಕನಿಗೆ. ಮೂಲದಲ್ಲಿ ನಿಲುವಂಗಿಯ ಕೆಂಪು ಕಣ್ಣು ಕುಕ್ಕುತ್ತದೆ, ಸಂಜೆಯ ಆಕಾಶಕ್ಕೆ ಬಣ್ಣವಿದೆ. ಕೆಡಿಸಿದ್ದು ಪ್ರತಿಯ ಪ್ರತಿಯ ಪ್ರತಿ. ವಾಟ್ಸಾಪಿನಲ್ಲಿ ಕಳಿಸಿಕೊಂಡ ವಿಡಿಯೋದಿಂದಲೇ ಎಡಿಟ್ ಮಾಡುವವರು ದಿನಾ ಇದೇ ಕೆಲಸ ಮಾಡುತ್ತಿದ್ದಾರೆ. ಫುಲ್ ಎಚ್‌ಡಿಯಲ್ಲಿ ನಿಮಿಷಕ್ಕೆ ಸುಮಾರು 100 ಎಂಬಿ ಅಂತ ಹಿಡಿಯಿರಿ. ಮೂಲ ಕಡತಗಳನ್ನು ಕೇಬಲ್ಲಿನಲ್ಲೇ ಇಳಿಸಿ, ಎರಡು ಡಿಸ್ಕ್‌ಗಳಲ್ಲಿ, ಎರಡು ಮನೆಗಳಲ್ಲಿ ಇಡಿ.

ಹಾಸ್ಯದ ಆವೃತ್ತಿಯನ್ನೇ ಮೊದಲು ನೋಡಿ ಅನ್ನುವವರು ಹೆಚ್ಚು. ತಪ್ಪು ಸಲಹೆ. ರೋಬೋಗಳು ಪ್ರತಿ ಮೌನವನ್ನೂ ಜೋಕಿನಿಂದ ತುಂಬಿಬಿಡುತ್ತವೆ, ಚಿತ್ರದಲ್ಲಿ ಇರುವುದೇ ಆ ಮೌನ. ಮೊದಲು ಶುಚಿಗೊಳಿಸಿದ ಪ್ರತಿ, ಮಳೆ ಹಿಡಿದ ರಾತ್ರಿ, ಇಬ್ಬರು ಮೂವರಿಗಿಂತ ಹೆಚ್ಚು ಜನ ಬೇಡ. ನಗುವವರ ಗುಂಪು ಎರಡನೇ ಸಲಕ್ಕೆ ಇರಲಿ. ಇದಕ್ಕಿಂತ ತುಸು ಹೆಚ್ಚು ದುಡ್ಡಿನಲ್ಲಿ, ಕೈಗಾರಿಕಾ ಕಿರುಚಿತ್ರಗಳಲ್ಲಿ ಪಳಗಿದ ಹರ್ಕ್ ಹಾರ್ವಿ 1962ರಲ್ಲಿ ತೆಗೆದ ‘ಕಾರ್ನಿವಲ್ ಆಫ್ ಸೋಲ್ಸ್’ ಅನ್ನು ಮರುದಿನ ನೋಡಿದರೆ, ಕೈಪಳಗಿದವರು ಅದೇ ಬಡತನವನ್ನು ಹೇಗೆ ಬಳಸುತ್ತಾರೆ ಅಂತ ಕಾಣುತ್ತದೆ. ಅದು ಎಷ್ಟೋ ಮೇಲಾದ ಚಿತ್ರ. ಆದರೂ ವಾರ ಕಳೆದ ಮೇಲೆ ಕನಸಿಗೆ ಬರುವುದು ಟಾರ್ಗೊನೇ.

ಕೊನೆಯದು ಆನೆ. ಎಲ್ ಪಾಸೊದವರಿಗೆ ಇರದಿದ್ದ ತಲೆನೋವು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ರಾತ್ರಿ ತೋಟದಲ್ಲಿ ಕೆಲಸ ಇಟ್ಟುಕೊಂಡರೆ ಸಂಜೆ ಐದಕ್ಕೇ ಊರಿನವರನ್ನೂ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯನ್ನೂ ವಿಚಾರಿಸಿ. ಭತ್ತ ಕೊಯ್ಲಿನ ಹೊತ್ತು, ಹಲಸು ಹಣ್ಣಾಗುವ ಹೊತ್ತು ಇನ್ನೂ ಎಚ್ಚರ. ಗಾಡಿಯ ಮೂತಿ ರಸ್ತೆಯ ಕಡೆಗೇ ಇರಲಿ, ಹೊರಡುವಾಗ ಎಲ್ಲರೂ ಒಟ್ಟಿಗೆ ಹೊರಡಿ. ಹಿಂಡು ಹತ್ತಿರ ಇದೆ ಅಂದರೆ ಹೊರಗಿನ ಶೂಟಿಂಗ್ ರದ್ದು, ಚರ್ಚೆಯೇ ಬೇಡ. ಆ ರಾತ್ರಿ ಒಳಗಿದ್ದುಕೊಂಡು, ಮುಚ್ಚಿದ ಬಾಗಿಲನ್ನೇ ಶೂಟ್ ಮಾಡಿ. ಹಳೇ ಹಲಗೆ ಬಾಗಿಲು, ಮೇಲೆ ಸೀಮೆಸುಣ್ಣದಲ್ಲಿ ಬರೆದು ಅರ್ಧ ಅಳಿಸಿದ ‘ನಾಳೆ ಬಾ’, ಕೆಳಗಿನ ಸಂದಿಯಿಂದ ತೂರಿಬರುವ ಒಂದು ಹಳದಿ ಬೆಳಕು. ಇಪ್ಪತ್ತೈದು ಸೆಕೆಂಡು, ಎರಡು ಟೇಕು.